ಕಡಲ ಪಾಚಿಯ ವಿಷ, ಕೆರೆ ಪಾಚಿಯ ವಿಷ

ದಢೇಸುಗೂರಿನಿಂದ ಸಮುದ್ರ ಭಾಳ ದೂರ. ನಮ್ಮೂರ ಮಗ್ಗುಲಲ್ಲಿ ಹರಿಯೋದು ತುಂಗಭದ್ರಾ ಹೊಳೆ. ಎತ್ತರದ ಹೊಲದಲ್ಲಿ ಮಳೆ ನಂಬಿ ನಾವು ಬೆಳೆಯೋದು ಜೋಳ, ಕಡಲೆ, ಸಜ್ಜೆ, ತೊಗರಿ. ಇಲ್ಲಿ ಕೂತು ಕಡಲ ಚಿಪ್ಪಿನ ವಿಷದ ಬಗ್ಗೆ ಬರೆಯೋದು ಯಾಕೆ ಎಂದು ಓದುಗರು ಕೇಳಬಹುದು. ಅದಕ್ಕೆ ಎರಡು ಕಾರಣ ಅದಾವು.

ಒಂದು, ಮಳೆ ಕೈಕೊಟ್ಟ ವರ್ಷ ನಮ್ಮ ಕಡೆಯ ಜನ ದುಡಿಯಲು ಊರು ಬಿಡ್ತಾರೆ. ಬೆಂಗಳೂರಿಗೆ ಹೋದ ಹಾಗೆಯೇ ಮಂಗಳೂರು, ಉಡುಪಿ, ಗೋವಾಕ್ಕೂ ಹೋಗ್ತಾರೆ. ಕಟ್ಟಡದ ಕೆಲಸ, ರಸ್ತೆ ಕೆಲಸ, ಮೀನಿನ ಬಂದರದ ಕೆಲಸ ಮಾಡ್ತಾರೆ. ಅಲ್ಲಿ ಕಡಿಮೆ ರೇಟಿಗೆ ಸಿಗುವ ಊಟ ಎಂದರೆ ಚಿಪ್ಪು ಮತ್ತು ಮೀನಿನ ತಲೆ. ಯಾವುದು ತಿನ್ನಬೇಕು, ಯಾವುದು ಬಿಡಬೇಕು ಎಂದು ಕೇಳಲು ಗುರುತಿನವರು ಇರೋದಿಲ್ಲ.

ಎರಡು, ಕಡಲ ಪಾಚಿ ಮಾಡುವ ವಿಷದ ಜಾತಿಯದೇ ವಿಷ ನಮ್ಮ ಕೆರೆ, ಕೃಷಿಹೊಂಡದ ಪಾಚಿಯಲ್ಲೂ ಹುಟ್ಟಬಲ್ಲದು. ಅದನ್ನು ಕುಡಿಯೋದು ನಮ್ಮ ದನ, ಎಮ್ಮೆ, ಕುರಿ. ಆದ್ದರಿಂದ ಇದು ದೂರದ ಸುದ್ದಿ ಅಲ್ಲ.

ಕುಂಬಳೆಯಲ್ಲಿ ನಡೆದದ್ದು

ಮಂಗಳೂರಿನಿಂದ ದಕ್ಷಿಣಕ್ಕೆ, ಈಗಿನ ಕಾಸರಗೋಡು ಜಿಲ್ಲೆಯಲ್ಲಿ ಕುಂಬಳೆ ಎಂಬ ಊರು ಐತಿ. ಅಲ್ಲಿ ಹೊಳೆ ಸಮುದ್ರ ಸೇರುವ ಅಳಿವೆಯ ಕೆಸರಿನಲ್ಲಿ ಮರುವಾಯಿ ಎಂಬ ಚಿಪ್ಪು ಸಿಗುತ್ತದೆ. ಹೆಂಗಸರು ಮಕ್ಕಳು ನೀರಿಗಿಳಿದು ಆರಿಸಿ ತಂದು ಪಲ್ಯ, ಸಾರು ಮಾಡ್ತಾರೆ. ತಲೆತಲಾಂತರದಿಂದ ತಿಂದು ಬಂದ ಆಹಾರ ಅದು.

1983ರಲ್ಲಿ ಇದೇ ಮರುವಾಯಿ ತಿಂದು ಒಬ್ಬ ಹುಡುಗ ತೀರಿಕೊಂಡ. ಇನ್ನೂ ಕೆಲವರು ಆಸ್ಪತ್ರೆ ಸೇರಿದರು. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಂದ್ರಾಣಿ ಕರುಣಾಸಾಗರ್, ಇಡ್ಯಾ ಕರುಣಾಸಾಗರ್ ಮತ್ತು ಸಂಗಡಿಗರು ಇದನ್ನು ಪರೀಕ್ಷೆ ಮಾಡಿದರು. ಆ ಕಾಲೇಜು ಆಗ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೈಕೆಳಗೆ ಇತ್ತು. ಚಿಪ್ಪು ಕೆಟ್ಟು ಹೋಗಿದ್ದರಿಂದ ಆದದ್ದಲ್ಲ, ಚಿಪ್ಪಿನ ಮಾಂಸದಲ್ಲಿ ನರ ಹಿಡಿಯುವ ವಿಷ ಐತಿ ಎಂದು ಗೊತ್ತಾಯಿತು. 1984ರಲ್ಲಿ ಅದರ ವರದಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬಂತು.

ನಮ್ಮ ದೇಶದಲ್ಲಿ ಇದೊಂದೇ ಅಲ್ಲ. 1981ರಲ್ಲಿ ತಮಿಳುನಾಡಿನ ವಯಲೂರಿನಲ್ಲಿ ಚಿಪ್ಪು ತಿಂದು ಮೂವರು ಸತ್ತರು, 80ಕ್ಕೂ ಹೆಚ್ಚು ಜನ ಆಸ್ಪತ್ರೆ ಕಂಡರು. 1997ರಲ್ಲಿ ಕೇರಳದ ವಿಳಿಂಜಂ ಕಡೆ ಕಲ್ಲಿಗೆ ಅಂಟಿ ಬೆಳೆಯುವ ಚಿಪ್ಪು ತಿಂದು 7 ಜನ ಸತ್ತರು, 500ಕ್ಕೂ ಹೆಚ್ಚು ಮಂದಿ ಆಸ್ಪತ್ರೆಗೆ ಸೇರಿದರು. ಈ ಚಿಪ್ಪಿಗೆ ನಮ್ಮ ಕರಾವಳಿಯಲ್ಲಿ ನೀಲಿಕಲ್ಲು ಅಂತಾರೆ. ಎಲ್ಲ ಕಡೆಯೂ ಸತ್ತವರು, ನರಳಿದವರು ಕಡಲ ದಂಡೆಯ ಸಾಧಾರಣ ಜನ.

ವಿಷ ಮಾಡೋದು ಯಾರು?

ಸಮುದ್ರದ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ತೇಲುತ್ತಿರ್ತಾವೆ. ಒಂದೊಂದೂ ಒಂದೇ ಜೀವಕೋಶ. ಬಿಸಿಲು, ನೀರು, ಗೊಬ್ಬರದ ಅಂಶ ಸಿಕ್ಕರೆ ಸಾಕು, ನಮ್ಮ ಬೆಳೆಯಂತೆ ಅವೂ ಎಲೆಹಸಿರಿನಿಂದ ಆಹಾರ ಮಾಡಿಕೊಳ್ತಾವೆ. ಭೂಮಿ ಮೇಲೆ ಸಸಿ, ಗಿಡ, ಪಾಚಿ ಎಲ್ಲ ಸೇರಿ ಹೊರಗೆ ಬಿಡುವ ಪ್ರಾಣವಾಯುವಿನಲ್ಲಿ ಸುಮಾರು ಅರ್ಧ ಪಾಲು ಈ ಕಡಲ ಪಾಚಿಯದೇ. ಸಣ್ಣ ಮೀನು, ಸಿಗಡಿ, ಚಿಪ್ಪು ಎಲ್ಲದಕ್ಕೂ ಮೂಲ ಮೇವು ಇದು. ಇದು ಇಲ್ಲದಿದ್ದರೆ ಕಡಲಲ್ಲಿ ಮೀನಿಲ್ಲ.

ಸಾವಿರಾರು ಜಾತಿಯ ಪಾಚಿಗಳಲ್ಲಿ ವಿಷ ಮಾಡುವವು ಸ್ವಲ್ಪ ಜಾತಿ ಮಾತ್ರ. ಇದನ್ನು ತಿಳಿಯಲು ನಮ್ಮ ಜೋಳವನ್ನೇ ನೋಡಿರಿ. ನೀರಿಲ್ಲದೆ ಸೊರಗಿದ ಎಳೆ ಜೋಳ ಮೇಯ್ದ ದನ ನಿಂತಲ್ಲೇ ಬಿದ್ದು ಸಾಯೋದು ನಮಗೆಲ್ಲ ಗೊತ್ತು. ಹಾಗಂತ ಜೋಳ ಕೆಟ್ಟ ಬೆಳೆ ಅಲ್ಲ. ಒಂದು ಹೊತ್ತಿನಲ್ಲಿ, ಒಂದು ಸ್ಥಿತಿಯಲ್ಲಿ ಅದರಲ್ಲಿ ವಿಷ ಇರ್ತದೆ. ಪಾಚಿಯೂ ಹಾಗೇ. ಆದರೆ ಒಂದು ದೊಡ್ಡ ಫರಕು ಐತಿ. ಜೋಳದ ಸೊಪ್ಪೆ ಚೆನ್ನಾಗಿ ಒಣಗಿದರೆ ವಿಷ ಇಳಿಯುತ್ತದೆ. ಪಾಚಿಯ ವಿಷ ಒಣಗಿಸಿದರೂ ಇಳಿಯೋದಿಲ್ಲ, ಕುದಿಸಿದರೂ ಇಳಿಯೋದಿಲ್ಲ.

ಚಿಪ್ಪು ಎಂಬ ಸಾಣಿಗೆ

ಮರುವಾಯಿ, ನೀಲಿಕಲ್ಲು ಓಡಾಡಿ ಬೇಟೆ ಮಾಡುವ ಪ್ರಾಣಿ ಅಲ್ಲ. ಇದ್ದಲ್ಲೇ ಇದ್ದು ಬಾಯಿ ತೆರೆದು ನೀರು ಎಳೆದುಕೊಳ್ತದೆ, ಅದರೊಳಗಿನ ಪಾಚಿಯನ್ನು ಸೋಸಿ ಇಟ್ಟುಕೊಂಡು ನೀರನ್ನು ಹೊರಗೆ ಬಿಡ್ತದೆ. ನಾವು ಸಾಣಿಗೆಯಲ್ಲಿ ಹಿಟ್ಟು ಸಾಣಿಸಿದಾಗ ನುಚ್ಚು ಮೇಲೆ ಉಳಿದಂತೆ, ಚಿಪ್ಪಿನೊಳಗೆ ಪಾಚಿ ಉಳಿಯುತ್ತದೆ. ಒಂದು ನೀಲಿಕಲ್ಲು ತಾಸಿಗೆ ಲೀಟರುಗಟ್ಟಲೆ ನೀರು ಸೋಸಬಲ್ಲದು. ಹಗಲು ರಾತ್ರಿ ಇದೇ ಕೆಲಸ.

ನೀರಿನಲ್ಲಿ ವಿಷದ ಪಾಚಿ ಸ್ವಲ್ಪ ಇದ್ದರೂ ಹತ್ತಾರು ದಿನದಲ್ಲಿ ಚಿಪ್ಪಿನ ಮಾಂಸದಲ್ಲಿ ವಿಷ ದಟ್ಟವಾಗಿ ಕೂಡುತ್ತದೆ. ಸೋಜಿಗ ಎಂದರೆ ಸಾಮಾನ್ಯವಾಗಿ ಚಿಪ್ಪಿಗೆ ಇದರಿಂದ ತೊಂದರೆ ಕಾಣೋದಿಲ್ಲ. ಅದು ಜೀವಂತ ಇರ್ತದೆ, ತಾಜಾ ಇರ್ತದೆ. ಬಣ್ಣ, ವಾಸನೆ, ರುಚಿ ಯಾವುದೂ ಬದಲಾಗೋದಿಲ್ಲ. ಕೆಟ್ಟ ಮೀನನ್ನು ಮೂಗಿನಿಂದ ಹಿಡಿಯಬಹುದು, ಈ ವಿಷವನ್ನು ಹಿಡಿಯಲು ಆಗೋದಿಲ್ಲ. ಐಸಿನಲ್ಲಿ ಇಟ್ಟರೂ ಅದೇ, ಹುಣಸೆ ಹುಳಿ, ಖಾರ, ಅರಿಶಿನ ಹಾಕಿ ಕುದಿಸಿದರೂ ಅದೇ. ಕುದಿಸಿದಾಗ ಸ್ವಲ್ಪ ವಿಷ ಸಾರಿಗೆ ಇಳಿಯಬಹುದು, ಆ ಸಾರನ್ನೂ ನಾವೇ ಕುಡಿಯೋದಲ್ಲ?

ಪಾಚಿ ಹೋದ ಮೇಲೆ ಚಿಪ್ಪು ಒಳ್ಳೆ ನೀರು ಸೋಸುತ್ತಾ ವಾರಗಳಲ್ಲಿ ತನ್ನನ್ನು ತಾನು ತೊಳೆದುಕೊಳ್ತದೆ. ಕೆಲವು ಜಾತಿಯಲ್ಲಿ ವಿಷ ತಿಂಗಳುಗಟ್ಟಲೆ ಉಳಿಯುತ್ತದೆ. ಆದ್ದರಿಂದ ‘ಹೋದ ತಿಂಗಳು ತಿಂದೆವು, ಏನೂ ಆಗಲಿಲ್ಲ’ ಎನ್ನುವ ಮಾತು ಈ ತಿಂಗಳಿಗೆ ಲೆಕ್ಕಕ್ಕೆ ಬರೋದಿಲ್ಲ.

ವಿಷದಲ್ಲಿ ನಾಲ್ಕು ನಮೂನೆ

1. ನರ ಹಿಡಿಯುವ ವಿಷ. ಅಲೆಕ್ಸಾಂಡ್ರಿಯಂ ಮತ್ತು ಅದರಂಥ ಪಾಚಿಗಳು ಮಾಡುವ ಸ್ಯಾಕ್ಸಿಟಾಕ್ಸಿನ್ ಎಂಬ ವಿಷ ಇದು. ಕುಂಬಳೆಯಲ್ಲಿ ಕಂಡದ್ದು ಈ ನಮೂನೆಯದು. ನರದಲ್ಲಿ ಸುದ್ದಿ ಹರಿಯುವ ಬಾಗಿಲನ್ನೇ ಇದು ಮುಚ್ಚಿಬಿಡುತ್ತದೆ. ತಿಂದ ಅರ್ಧ ತಾಸಿನಿಂದ ಕೆಲವು ತಾಸಿನೊಳಗೆ ತುಟಿ, ನಾಲಿಗೆ, ಬೆರಳ ತುದಿ ಜುಮುಗುಟ್ಟುತ್ತವೆ. ಆಮೇಲೆ ಕೈಕಾಲು ಮರಗಟ್ಟಿ, ಮಾತು ತೊದಲುತ್ತದೆ. ಜೋರಾದರೆ ಉಸಿರಾಡುವ ಸ್ನಾಯು ನಿಲ್ಲುತ್ತವೆ. ಕೆಲವೇ ಮಿಲಿಗ್ರಾಮ್ ಒಬ್ಬ ಮನುಷ್ಯನಿಗೆ ಸಾಕು.

2. ಭೇದಿ ವಿಷ. ಡೈನೋಫೈಸಿಸ್ ಎಂಬ ಪಾಚಿಯದು. 1970ರ ದಶಕದಲ್ಲಿ ಜಪಾನಿನಲ್ಲಿ ಪತ್ತೆ ಆಯಿತು. ವಾಂತಿ, ಭೇದಿ, ಹೊಟ್ಟೆನೋವು ಆಗಿ ಮೂರು ದಿನದಲ್ಲಿ ಇಳಿಯುತ್ತದೆ. ನೀರು ಕೆಟ್ಟಿತ್ತು ಎಂದು ತಿಳಿದು ಜನ ಸುಮ್ಮನಾಗ್ತಾರೆ.

3. ನೆನಪು ಅಳಿಸುವ ವಿಷ. 1987ರಲ್ಲಿ ಕೆನಡಾ ದೇಶದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಚಿಪ್ಪು ತಿಂದು 100ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ಮೂವರು ಸತ್ತರು. ಬದುಕಿದವರಲ್ಲಿ ಕೆಲವರಿಗೆ ಹೊಸದಾಗಿ ಏನನ್ನೂ ನೆನಪಿಟ್ಟುಕೊಳ್ಳಲು ಆಗದಂತೆ ಆಯಿತು. ಸೂಡೋ ನಿಟ್ಜಿಯಾ ಎಂಬ ಪಾಚಿ ಅದಕ್ಕೆ ಕಾರಣ.

4. ಸಿಗುವಾಟೆರಾ. ಇದು ಚಿಪ್ಪಿನಲ್ಲಿ ಅಲ್ಲ, ಮೀನಿನಲ್ಲಿ ಬರುವ ವಿಷ. ಹವಳದ ಬಂಡೆಯ ಮೇಲಿನ ಕಳೆಗೆ ಗ್ಯಾಂಬಿಯರ್‌ಡಿಸ್ಕಸ್ ಎಂಬ ಸಣ್ಣ ಪಾಚಿ ಅಂಟಿಕೊಂಡಿರ್ತದೆ. ಕಳೆ ಮೇಯುವ ಸಣ್ಣ ಮೀನು ಅದನ್ನು ನುಂಗುತ್ತದೆ, ಆ ಮೀನನ್ನು ದೊಡ್ಡ ಮೀನು ನುಂಗುತ್ತದೆ. ಹೀಗೆ ಮೇಲೆ ಹೋದಂತೆ ವಿಷ ಕೂಡುತ್ತದೆ. ತಲೆ, ಯಕೃತ್ತು, ಕರುಳು, ಮೊಟ್ಟೆಯಲ್ಲಿ ಹೆಚ್ಚು.

ಮಂಗಳೂರಿನ ಮೀನಿನ ತಲೆ

ಈ ನಾಲ್ಕನೆಯದು ನಮ್ಮ ರಾಜ್ಯಕ್ಕೂ ಬಂದು ಹೋಗೈತಿ. 2016ರ ಅಕ್ಟೋಬರಿನಲ್ಲಿ ಮಂಗಳೂರು, ಉಳ್ಳಾಲದ ಸುತ್ತ 100ಕ್ಕೂ ಹೆಚ್ಚು ಜನ ಒಮ್ಮೆಗೇ ವಾಂತಿ, ಭೇದಿ, ಮೈ ಜುಮುಗುಟ್ಟುವುದು ಎಂದು ಆಸ್ಪತ್ರೆಗೆ ಬಂದರು. ಅವರು ತಿಂದದ್ದು ಸ್ನ್ಯಾಪರ್ ಎಂಬ ಕೆಂಪು ಮೀನಿನ ತಲೆ. ಪರೀಕ್ಷೆಯಲ್ಲಿ ಅದು ಸಿಗುವಾಟೆರಾ ಎಂದು ತಿಳಿಯಿತು.

ಇಲ್ಲಿ ಒಂದು ಮಾತು ಗಮನಿಸಬೇಕು. ದೊಡ್ಡ ಮೀನಿನ ಒಳ್ಳೆ ಮಾಂಸ ಪೇಟೆಗೆ, ಪರದೇಶಕ್ಕೆ ಹೋಗುತ್ತದೆ. ತಲೆ ಉಳಿಯುತ್ತದೆ, ಕಡಿಮೆ ರೇಟಿಗೆ ಸಿಗುತ್ತದೆ. ವಿಷ ಹೆಚ್ಚು ಕೂಡುವ ಜಾಗವೂ ತಲೆಯೇ. ಹೀಗಾಗಿ ವಿಷದ ದೊಡ್ಡ ಪಾಲು ಬಡವನ ತಾಟಿಗೆ ಬರುತ್ತದೆ. ನಮ್ಮ ಕಡೆಯಿಂದ ದುಡಿಯಲು ಹೋದವರು ನಿಲ್ಲೋದೂ ಇದೇ ಸಾಲಿನಲ್ಲಿ.

ಈ ವಿಷದ ಒಂದು ಗುರುತು ವಿಚಿತ್ರ. ತಣ್ಣೀರು ಮುಟ್ಟಿದರೆ ಸುಟ್ಟಂತೆ ಅನಿಸುತ್ತದೆ. ಮೈ ತುರಿಕೆ, ನಾಡಿ ನಿಧಾನ ಆಗುವುದು, ಸುಸ್ತು ಇವೂ ಇರ್ತಾವೆ. ಸಾವು ಅಪರೂಪ, ಆದರೆ ಜುಮು, ತುರಿಕೆ ವಾರ, ತಿಂಗಳುಗಟ್ಟಲೆ ಕಾಡುತ್ತದೆ. ಕೂಲಿ ಮಾಡುವವನಿಗೆ ಅದೇ ದೊಡ್ಡ ಪೆಟ್ಟು.

ನೀರು ಕೆಂಪಾದರೆ ಮಾತ್ರ ವಿಷವೇ?

ಅಲ್ಲ. ಪಾಚಿ ವಿಪರೀತ ಬೆಳೆದಾಗ ಕಡಲ ನೀರು ಕೆಂಪು, ಹಸಿರು, ಕಂದು ಆಗುತ್ತದೆ. ಬೇಸಿಗೆಯಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಮರ ಕೊಯ್ದ ಹೊಟ್ಟಿನಂತೆ ತೇಲುವ ಟ್ರೈಕೋಡೆಸ್ಮಿಯಂ ಎಂಬ ಪಾಚಿ ಕಾಣುತ್ತದೆ. ರಾತ್ರಿ ಅಲೆಯಲ್ಲಿ ನೀಲಿ ಬೆಳಕು ಹೊಳೆಯುವುದು ನಾಕ್ಟಿಲೂಕಾ ಎಂಬ ಜೀವಿಯಿಂದ. ಇದು ಮನುಷ್ಯನ ನರ ಹಿಡಿಯುವ ವಿಷ ಮಾಡೋದಿಲ್ಲ, ಆದರೆ ಹೆಚ್ಚಾದಾಗ ನೀರು ಕೆಟ್ಟು ಮೀನಿಗೆ ತೊಂದರೆ. ಇದಕ್ಕೆ ಉಲ್ಟಾ, ನೀರು ತಿಳಿಯಾಗಿ ಕಂಡಾಗಲೂ ಚಿಪ್ಪಿನಲ್ಲಿ ವಿಷ ಇರಬಹುದು. ಬಣ್ಣ ನೋಡಿ ತೀರ್ಮಾನ ಮಾಡಬಾರದು.

ತೀರ್ಮಾನ ಪರೀಕ್ಷೆಯಿಂದಲೇ ಆಗಬೇಕು. 100 ಗ್ರಾಂ ಚಿಪ್ಪಿನ ಮಾಂಸದಲ್ಲಿ ನರ ಹಿಡಿಯುವ ವಿಷ 80 ಮೈಕ್ರೋಗ್ರಾಮ್ ಮೀರಬಾರದು ಎಂದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಮೈಕ್ರೋಗ್ರಾಮ್. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1927ರಲ್ಲಿ 100ರ ಹತ್ತಿರ ಜನರಿಗೆ ಚಿಪ್ಪಿನ ವಿಷ ಏರಿತು, ಆರು ಜನ ಸತ್ತರು. ಅಂದಿನಿಂದ ಅಲ್ಲಿ ಬೇಸಿಗೆ ತಿಂಗಳಲ್ಲಿ ದಂಡೆಯ ಚಿಪ್ಪು ಆರಿಸಿ ತಿನ್ನುವುದನ್ನು ನಿಲ್ಲಿಸುವ ಪದ್ಧತಿ ಬಂತು. ನಮ್ಮಲ್ಲಿ ಹೈದರಾಬಾದಿನ ಇನ್‌ಕಾಯ್ಸ್ ಎಂಬ ಕೇಂದ್ರ ಸರಕಾರದ ಸಂಸ್ಥೆ ಉಪಗ್ರಹದ ಚಿತ್ರ ನೋಡಿ ಕಡಲಲ್ಲಿ ಪಾಚಿ ಎಲ್ಲಿ ಹೆಚ್ಚಿದೆ ಎಂದು ತಿಳಿಸುತ್ತದೆ. ಅದು ಒಳ್ಳೆ ಸೂಚನೆ. ಆದರೆ ಉಪಗ್ರಹಕ್ಕೆ ಚಿಪ್ಪಿನ ಒಳಗಿನ ವಿಷ ಕಾಣೋದಿಲ್ಲ.

ಕೆರೆ, ಹೊಂಡದ ಪಾಚಿ

ಈಗ ನಮ್ಮ ನೀರಿಗೆ ಬರೋಣ. ಈಚಿನ ಕೆಲವು ವರ್ಷಗಳಲ್ಲಿ ತುಂಗಭದ್ರಾ ಜಲಾಶಯದ ನೀರು ಹಸಿರು ಬಣ್ಣಕ್ಕೆ ತಿರುಗಿದ ಸುದ್ದಿ ಪತ್ರಿಕೆಯಲ್ಲಿ ಬಂದದ್ದನ್ನು ಓದುಗರು ನೋಡಿರಬಹುದು. ಅದು ನೀಲಿ-ಹಸಿರು ಪಾಚಿಯ ಕೆಲಸ. ಆ ನೀರೇ ಎಡದಂಡೆ ಕಾಲುವೆಯಲ್ಲಿ ನಮ್ಮ ತಾಲೂಕಿಗೆ ಬರೋದು.

ನೀಲಿ-ಹಸಿರು ಪಾಚಿ ಎಂದ ಕೂಡಲೇ ಗಾಬರಿ ಬೇಡ. ಭತ್ತದ ಗದ್ದೆಗೆ ಜೈವಿಕ ಗೊಬ್ಬರ ಎಂದು ಹಾಕುವುದೂ ಈ ಕುಲದ್ದೇ. ಗಾಳಿಯ ಸಾರಜನಕವನ್ನು ನೆಲಕ್ಕೆ ಹಿಡಿದು ಕೊಡುತ್ತದೆ. ಅದೇ ಕುಲದ ಬೇರೆ ಕೆಲವು ಜಾತಿ ವಿಷ ಮಾಡ್ತಾವೆ. ಒಂದು ನಮೂನೆ ವಿಷ ಯಕೃತ್ತನ್ನು ಕೆಡಿಸುತ್ತದೆ, ಇನ್ನೊಂದು ನರ ಹಿಡಿಯುತ್ತದೆ. ಮರುವಾಯಿಯಲ್ಲಿ ಬರುವ ಸ್ಯಾಕ್ಸಿಟಾಕ್ಸಿನ್ ವಿಷವನ್ನೇ ಸಿಹಿನೀರಿನ ಕೆಲವು ಪಾಚಿಗಳೂ ಮಾಡ್ತಾವೆ. ಕಡಲಿಗೂ ಕೆರೆಗೂ ನಂಟು ಇಲ್ಲೇ ಐತಿ.

1878ರಲ್ಲಿ ಆಸ್ಟ್ರೇಲಿಯಾದ ಅಲೆಕ್ಸಾಂಡ್ರಿನಾ ಎಂಬ ಸರೋವರದ ಹಸಿರು ಕೆನೆ ಕುಡಿದು ಕುರಿ, ಕುದುರೆ, ಹಂದಿ, ನಾಯಿ ಸತ್ತದ್ದನ್ನು ಜಾರ್ಜ್ ಫ್ರಾನ್ಸಿಸ್ ಎಂಬವರು ಬರೆದರು. 1991ರಲ್ಲಿ ಅದೇ ದೇಶದ ಡಾರ್ಲಿಂಗ್ ನದಿಯಲ್ಲಿ ಸುಮಾರು 1000 ಕಿಲೋಮೀಟರ್ ಉದ್ದಕ್ಕೆ ಪಾಚಿ ಹಬ್ಬಿ ದನಕರು ಸತ್ತವು. ಅದೂ ಒಣ ನಾಡು, ಹರಿವು ನಿಂತ ನೀರು, ಬಿಸಿಲು. ನಮ್ಮ ಬೇಸಿಗೆಯಂಥದೇ ಹವಾ.

ಗುರುತು ಹಿಡಿಯುವುದು ಹೇಗೆ?

ಒಂದು ಕೋಲು ತೆಗೆದುಕೊಂಡು ನೀರಿನ ಹಸಿರಿನಲ್ಲಿ ಆಡಿಸಿರಿ. ಕೂದಲಿನಂತೆ, ನೂಲಿನಂತೆ ಕೋಲಿಗೆ ಸುತ್ತಿ ಬಂದರೆ ಅದು ಹೆಚ್ಚಾಗಿ ಸಾದಾ ಪಾಚಿ. ಕೋಲಿಗೆ ಬಣ್ಣ ಬಳಿದಂತೆ ಅಂಟಿ ಬಂದರೆ ಸಂಶಯ ಪಡಿರಿ.

ಇನ್ನೊಂದು ವಿಧಾನ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ತಿಳಿ ಗಾಜಿನ ಬಾಟಲಿಯಲ್ಲಿ ಮುಕ್ಕಾಲು ನೀರು ತುಂಬಿ ಮುಚ್ಚಿ, ಅಲುಗಾಡಿಸದೆ ಒಂದು ರಾತ್ರಿ ಇಡಿರಿ. ಹಸಿರು ತಳಕ್ಕೆ ಕೂತರೆ ಚಿಂತೆ ಕಡಿಮೆ. ಮೇಲೆ ಕೆನೆಯಂತೆ ಕಟ್ಟಿದರೆ ಅದು ನೀಲಿ-ಹಸಿರು ಪಾಚಿ ಇರಬಹುದು. ಇದರಿಂದ ವಿಷ ಐತೋ ಇಲ್ಲೋ ತಿಳಿಯೋದಿಲ್ಲ, ದನ ಬಿಡಬಾರದು ಎನ್ನುವುದಷ್ಟೇ ತಿಳಿಯುತ್ತದೆ. ನಮಗೆ ಅಷ್ಟು ಸಾಕು.

ದನಕರುಗಳಿಗೆ ಏನು ಮಾಡಬೇಕು?

ಗಾಳಿ ಬೀಸಿದ ಕಡೆಯ ದಂಡೆಗೆ ಕೆನೆ ಬಂದು ಕೂಡುತ್ತದೆ. ದನ ಅಲ್ಲಿ ಬಾಯಿ ಹಾಕದಂತೆ ಮುಳ್ಳು ಹಚ್ಚಿರಿ. ಎದುರು ದಂಡೆಯ ತಿಳಿ ನೀರನ್ನು, ಅದಕ್ಕಿಂತ ಬೋರಿನ ನೀರನ್ನು ತೊಟ್ಟಿಯಲ್ಲಿ ಕುಡಿಸುವುದು ಒಳ್ಳೆಯದು. ದಂಡೆಯಲ್ಲಿ ಒಣಗಿದ ಪಾಚಿಯ ಹೊಪ್ಪಳಿಕೆಯಲ್ಲೂ ವಿಷ ಉಳಿದಿರ್ತದೆ, ಕುರಿ ಅದನ್ನು ನೆಕ್ಕದಂತೆ ನೋಡಿರಿ.

ಪಾಚಿ ಸಾಯಲಿ ಎಂದು ಕೆಲವರು ಹೊಂಡಕ್ಕೆ ಮೈಲುತುತ್ತ ಹಾಕ್ತಾರೆ. ಪಾಚಿ ಸಾಯುತ್ತದೆ ನಿಜ. ಆದರೆ ಸತ್ತ ಪಾಚಿ ಒಡೆದು ಒಳಗಿನ ವಿಷವೆಲ್ಲ ಒಮ್ಮೆಗೇ ನೀರಿಗೆ ಬಿಡುತ್ತದೆ. ನೀರು ತಿಳಿಯಾಗಿ ಕಂಡಾಗಲೇ ಅಪಾಯ ಹೆಚ್ಚು. ಮೈಲುತುತ್ತ ಕುರಿಗೂ ಮೀನಿಗೂ ಬೇರೆ ವಿಷ. ಆ ದಾರಿ ಬೇಡ.

ಹಸಿರು ನೀರು ಕುಡಿದ ದನ ತೂರಾಡಿದರೆ, ನಡುಗಿದರೆ, ಉಸಿರು ಕಟ್ಟಿದರೆ, ಇಲ್ಲವೇ ಮೇವು ಬಿಟ್ಟು ಒಸಡು ಬಿಳಿಚಿದರೆ ಕೂಡಲೇ ಆ ನೀರು ಬಿಡಿಸಿ, ನೆರಳಿಗೆ ಕಟ್ಟಿ, ಪಶುವೈದ್ಯರನ್ನು ಕರೆಯಿರಿ. ಬಾಟಲಿಯಲ್ಲಿ ಆ ನೀರನ್ನೂ ತೋರಿಸಿರಿ.

ಬೇರು ಸಮೇತ ಪರಿಹಾರ ಎಂದರೆ ಪಾಚಿಗೆ ಊಟ ನಿಲ್ಲಿಸುವುದು. ಪಾಚಿಯ ಊಟ ಎಂದರೆ ನಮ್ಮ ಯೂರಿಯಾ, ಡಿಎಪಿ, ಕೊಟ್ಟಿಗೆ ತೊಳೆದ ನೀರು, ಊರಿನ ಗಟಾರ. ದೊಡ್ಡ ಮಳೆ ಬರುವ ಮುಂಚೆ ಗೊಬ್ಬರ ಎರಚಿದರೆ ಅರ್ಧ ಹೊಂಡಕ್ಕೆ ಹೋಗುತ್ತದೆ. ಗೊಬ್ಬರವನ್ನು ಬೀಜದ ಸಾಲಿನಲ್ಲಿ ಮಣ್ಣೊಳಗೆ ಇಡುವುದು, ಹೊಂಡದ ಮೇಲ್ಗಡೆ ಹುಲ್ಲಿನ ಪಟ್ಟಿ ಬಿಡುವುದು, ತಿಪ್ಪೆಯನ್ನು ನೀರಿನ ದಾರಿಯಿಂದ ದೂರ ಇಡುವುದು. ಇದರಿಂದ ಗೊಬ್ಬರದ ರೊಕ್ಕವೂ ಉಳಿಯುತ್ತದೆ. ನದಿಗಳ ಮೂಲಕ ಇದೇ ಗೊಬ್ಬರ ಕಡಲಿಗೂ ಹೋಗಿ ಅಲ್ಲಿನ ಪಾಚಿಗೂ ಊಟ ಆಗುತ್ತದೆ ಎನ್ನುವುದನ್ನು ಮರೆಯಬಾರದು. ಕಡಲ ಪಾಚಿ ಏಳಲು ಮಳೆಗಾಲದ ಗಾಳಿ, ತಳದ ನೀರು ಮೇಲೆ ಬರುವುದು ಮುಂತಾದ ಬೇರೆ ಕಾರಣಗಳೂ ಅದಾವು. ನಮ್ಮ ಪಾಲಿನದನ್ನು ನಾವು ಕಡಿಮೆ ಮಾಡಬಹುದು.

ದುಡಿಯಲು ಹೋಗುವವರಿಗೆ ಹೇಳಬೇಕಾದ ಮಾತು

- ಕಡಲ ನೀರಿನ ಬಣ್ಣ ಬದಲಾದ ದಿನಗಳಲ್ಲಿ, ಮೀನು ಸತ್ತು ದಂಡೆಗೆ ಬಿದ್ದಾಗ ಚಿಪ್ಪು ಆರಿಸಿ ತಿನ್ನಬೇಡಿರಿ. ಸ್ಥಳದ ಮೀನುಗಾರರು ತಿನ್ನುವುದನ್ನು ಬಿಟ್ಟಿದ್ದರೆ ನೀವೂ ಬಿಡಿರಿ.
- ದೊಡ್ಡ ಬಂಡೆ ಮೀನಿನ ತಲೆ, ಯಕೃತ್ತು, ಕರುಳು, ಮೊಟ್ಟೆ ತಿನ್ನಬೇಡಿರಿ. ಬಂಗಡೆ, ಬೂತಾಯಿಯಂಥ ಸಣ್ಣ ಮೀನಿನಲ್ಲಿ ಸಿಗುವಾಟೆರಾ ಭಯ ಇಲ್ಲ ಎನ್ನಬಹುದು.
- ತಿಂದ ಮೇಲೆ ತುಟಿ, ನಾಲಿಗೆ ಜುಮುಗುಟ್ಟಿದರೆ ಮಲಗಿ ನೋಡೋಣ ಎನ್ನಬಾರದು. 108ಕ್ಕೆ ಫೋನು ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಿರಿ. ಈ ವಿಷಕ್ಕೆ ಮದ್ದು ಇಲ್ಲ. ಆದರೆ ಉಸಿರಾಟಕ್ಕೆ ಯಂತ್ರದ ಆಸರೆ ಕೊಟ್ಟರೆ ಮೈಯೇ ವಿಷವನ್ನು ಹೊರಗೆ ಹಾಕುತ್ತದೆ. ಮೊದಲ ಒಂದು ದಿನ ದಾಟಿದವರು ಸಾಮಾನ್ಯವಾಗಿ ಬದುಕುತ್ತಾರೆ.
- ಏನು ತಿಂದದ್ದು, ಎಷ್ಟು ಹೊತ್ತಿಗೆ ತಿಂದದ್ದು, ಸಂಗಡ ಯಾರು ತಿಂದರು ಎಂದು ಡಾಕ್ಟರಿಗೆ ಹೇಳಿರಿ. ಉಳಿದ ಚಿಪ್ಪು, ಮೀನು ಕಟ್ಟಿಕೊಂಡು ಹೋಗಿರಿ. ಇದನ್ನು ಹೇಳದಿದ್ದರೆ ಅವರು ಸಾದಾ ವಾಂತಿ ಭೇದಿ ಎಂದು ತಿಳಿಯಬಹುದು.
- ಸೆರೆ ಕುಡಿದರೆ ಇಳಿಯುತ್ತದೆ ಎಂಬ ಮಾತು ನಂಬಬೇಡಿರಿ. ಅದರಿಂದ ತೊಂದರೆ ಹೆಚ್ಚುತ್ತದೆ.
- ಒಬ್ಬರಿಗೆ ಬಂದರೆ ಅದೇ ಗಡಿಗೆಯಿಂದ ಉಂಡ ಎಲ್ಲರನ್ನೂ ಕರೆದುಕೊಂಡು ಹೋಗಿರಿ. ಮಕ್ಕಳಿಗೆ ಕಡಿಮೆ ವಿಷವೂ ಜೋರು. ಕುಂಬಳೆಯಲ್ಲಿ ಹೋದದ್ದು ಒಬ್ಬ ಹುಡುಗನ ಜೀವ.

ಚಿಪ್ಪು, ಮೀನು ತಿನ್ನಲೇಬೇಡಿ ಎಂದು ಈ ಲೇಖನದ ಅರ್ಥ ಅಲ್ಲ. ಕರಾವಳಿಯ ಲಕ್ಷಾಂತರ ಜನ ವರ್ಷಪೂರ್ತಿ ತಿಂದು ಗಟ್ಟಿಮುಟ್ಟಾಗಿ ಅದಾರೆ. ಯಾವ ಹೊತ್ತಿನಲ್ಲಿ ಬಿಡಬೇಕು ಎನ್ನುವುದು ಗೊತ್ತಿದ್ದರೆ ಸಾಕು. ಚಿಪ್ಪು ತಿನ್ನುವ ಊರುಗಳ ಓದುಗರು ತಮ್ಮ ಹಿರಿಯರು ಯಾವ ತಿಂಗಳು, ಯಾವ ಗುರುತು ನೋಡಿ ಚಿಪ್ಪು ಬಿಡುತ್ತಿದ್ದರು ಎಂದು ಪತ್ರಿಕೆಗೆ ಬರೆದು ತಿಳಿಸಿದರೆ, ಅಲ್ಲಿಗೆ ದುಡಿಯಲು ಬರುವ ನಮ್ಮ ಹುಡುಗರಿಗೆ ಭಾಳ ಉಪಯೋಗ ಆಗುತ್ತದೆ.